ತೂತಿನ ಕನ್ನಡಕದ ಡಬ್ಬಿಯ ಮೇಲೆ ನಿಜ ಬರೆಸಿ: ಗ್ರಾಹಕ ರಕ್ಷಣಾ ಪ್ರಾಧಿಕಾರಕ್ಕೆ ಒಂದು ಬಹಿರಂಗ ಪತ್ರ

ಇವರಿಗೆ,
ಮುಖ್ಯ ಆಯುಕ್ತರು,
ಕೇಂದ್ರೀಯ ಗ್ರಾಹಕ ರಕ್ಷಣಾ ಪ್ರಾಧಿಕಾರ, ಹೊಸದಿಲ್ಲಿ

ಮಾನ್ಯರೇ,

ಮೊದಲೇ ಹೇಳಿಬಿಡುತ್ತೇನೆ, ನಾನು ಕನ್ನಡಕ ಮಾರಿ ಹೊಟ್ಟೆ ಹೊರೆಯುವವನು. ತಿಪಟೂರಿನಲ್ಲಿ ಇಪ್ಪತ್ತಾರು ವರ್ಷದಿಂದ ಒಂದು ಸಣ್ಣ ಅಂಗಡಿ ಇಟ್ಟಿದ್ದೇನೆ. ಮುಂದೆ ಗಾಜಿನ ಕಪಾಟು, ಹಿಂದೆ ಪರದೆ ಕಟ್ಟಿದ ಕತ್ತಲೆ ಮೂಲೆ, ಅಲ್ಲೊಂದು ಅಕ್ಷರದ ಚಾರ್ಟು, ಕಂಪ್ಯೂಟರ್ ಟೆಸ್ಟಿಂಗ್ ಮೆಷಿನ್ನು. ಇಂಥವನು 'ಕನ್ನಡಕವೇ ಬೇಡ' ಅಂತ ಮಾರಾಟವಾಗುವ ಸಾಮಾನಿನ ಮೇಲೆ ದೂರು ಬರೆದರೆ, ಇವನ ವ್ಯಾಪಾರಕ್ಕೆ ಪೆಟ್ಟು ಬಿದ್ದಿದೆ, ಅದಕ್ಕೇ ಕೂಗಾಡುತ್ತಿದ್ದಾನೆ ಅಂತ ಯಾರಿಗಾದರೂ ಅನ್ನಿಸುತ್ತದೆ. ಅನ್ನಿಸಲಿ. ಆದರೆ ಲೆಕ್ಕ ಹಾಗಿಲ್ಲ. ಆ ಸಾಮಾನನ್ನು ನಾನೂ ತರಿಸಿ ಮಾರಬಹುದು. ಸಗಟು ಮಾರುವವನು ಎರಡು ಸಲ ಕೇಳಿದ್ದಾನೆ. ಅದರಲ್ಲಿ ಲೆನ್ಸ್ ಉಜ್ಜುವ ಕೆಲಸವಿಲ್ಲ, ಪಿಡಿ, ಅಂದರೆ ಎರಡು ಕಣ್ಣಿನ ಪಾಪೆಗಳ ನಡುವಿನ ದೂರ, ಅಳೆಯುವ ಕೆಲಸವಿಲ್ಲ, "ಹಾಕ್ಕೊಂಡ್ರೆ ನೆಲ ಮೇಲೆ ಬಂದಂಗಾಗುತ್ತೆ ಕಣಣ್ಣ" ಅಂತ ವಾಪಸ್ ತರುವವರಿಲ್ಲ. ಒಂದು ಚಾಳೀಸು ಮಾಡಿಕೊಡುವುದಕ್ಕಿಂತ ಅದರಲ್ಲೇ ಲಾಭ ಜಾಸ್ತಿ.

ಸಾಮಾನು ಯಾವುದು ಅಂದರೆ ಪಿನ್‌ಹೋಲ್ ಕನ್ನಡಕ. ನಮ್ಮಲ್ಲಿ ಬರುವವರು ತೂತಿನ ಕನ್ನಡಕ ಅನ್ನುತ್ತಾರೆ. ಒಬ್ಬ ಅಜ್ಜಿ ಅದನ್ನು ನೋಡಿ "ಇದೇನ್ಲಾ, ಜರಡಿ ಕನ್ನಡ್ಕ" ಅಂದರು. ನನಗೆ ಆ ಹೆಸರೇ ಇಷ್ಟ. ಗಾಜಿರಬೇಕಾದ ಕಡೆ ಕಪ್ಪು ಪ್ಲಾಸ್ಟಿಕ್ ಹಾಳೆ, ಅದರ ತುಂಬ ಸಾಸಿವೆ ಕಾಳಿನಷ್ಟು ತೂತು. ಲೆನ್ಸು ಇಲ್ಲವೇ ಇಲ್ಲ.

ಹೋದ ತಿಂಗಳು ಒಂದು ಮಧ್ಯಾಹ್ನ ನಮ್ಮ ಹಳೆಯ ಗಿರಾಕಿಯೊಬ್ಬರು ಬಂದರು. ಮಂಡಿಯಲ್ಲಿ ಕೊಬ್ಬರಿ ವ್ಯಾಪಾರ. ವಯಸ್ಸು 52. ಐದು ವರ್ಷದ ಹಿಂದೆ ನನ್ನ ಹತ್ತಿರವೇ ಪ್ಲಸ್ ಒಂದೂವರೆ ಚಾಳೀಸು ಮಾಡಿಸಿಕೊಂಡಿದ್ದರು. ಜೇಬಿನಿಂದ ಕಪ್ಪು ಡಬ್ಬಿ ತೆಗೆದು, "ಇದರ ಕಡ್ಡಿ ಸಡಿಲ ಆಗೈತೆ, ಒಂಚೂರು ಸ್ಕ್ರೂ ಟೈಟ್ ಮಾಡ್ಕೊಡಣ್ಣ" ಅಂದರು. ನೋಡಿದರೆ ಜರಡಿ ಕನ್ನಡಕ. ನಾನು ಸ್ಕ್ರೂ ತಿರುಗಿಸುತ್ತಾ ವಿಚಾರಿಸಿದೆ. ಮೊಬೈಲಿನಲ್ಲಿ ಜಾಹೀರಾತು ಬಂತಂತೆ, ಮಗ ಆರ್ಡರ್ ಮಾಡಿಕೊಟ್ಟನಂತೆ. 449 ರೂಪಾಯಿ. ಎಂಟು ತಿಂಗಳಿಂದ ಬೆಳಿಗ್ಗೆ ಹದಿನೈದು ನಿಮಿಷ, ರಾತ್ರಿ ಹದಿನೈದು ನಿಮಿಷ ಹಾಕಿಕೊಳ್ಳುತ್ತಿದ್ದಾರೆ. ಯಾಕೆ ಅಂದರೆ, ಡಬ್ಬಿಯ ಮೇಲೆ ಹಾಗೆ ಬರೆದಿದೆ. ಕಣ್ಣಿನ ಸ್ನಾಯುಗಳಿಗೆ ವ್ಯಾಯಾಮ, ದೃಷ್ಟಿ ತಾನಾಗೇ ಸುಧಾರಿಸುತ್ತದೆ, ನಿಧಾನಕ್ಕೆ ಕನ್ನಡಕ ಬಿಟ್ಟುಬಿಡಬಹುದು, ಪೊರೆಗೂ ಒಳ್ಳೆಯದು. ಇಂಗ್ಲಿಷು, ಹಿಂದಿ ಎರಡರಲ್ಲೂ ಇತ್ತು. ತಯಾರಿಸಿದವರ ಹೆಸರು ಮಾತ್ರ ಎಲ್ಲೂ ಇರಲಿಲ್ಲ.

"ಓದಕ್ಕೆ ಕಾಣುತ್ತಾ?" ಅಂದೆ.

"ಕಾಣುತ್ತಲ್ಲ! ನೋಡಿ ಬೇಕಾದ್ರೆ" ಅಂತ ಹಾಕಿಕೊಂಡು, ಅಂಗಡಿ ಬಾಗಿಲ ಹತ್ತಿರ ಬಿಸಿಲಿಗೆ ಮುಖ ಮಾಡಿ ನಿಂತು, ಗೋಡೆಯಿಂದ ತೆಗೆದ ಕ್ಯಾಲೆಂಡರಿನಲ್ಲಿ ರಾಹುಕಾಲದ ಸಾಲನ್ನು ಗಡಗಡ ಓದಿದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಕಾಣುತ್ತಿತ್ತು. ಆಮೇಲೆ ಒಳಗೆ ಟ್ಯೂಬ್‌ಲೈಟಿನ ಕೆಳಗೆ ಕರೆದು ಅದೇ ಸಾಲು ಓದಿ ಅಂದೆ. ಕ್ಯಾಲೆಂಡರನ್ನು ಹಿಂದಕ್ಕೆ ಮುಂದಕ್ಕೆ ಆಡಿಸಿದರು. "ಇಲ್ಲಿ ಬೆಳಕು ಸಾಲ್ದು" ಅಂದರು.

ಮಾನ್ಯರೇ, ಈ ಎರಡು ನಿಮಿಷದಲ್ಲಿ ಆ ವಸ್ತುವಿನ ಗುಣ, ದೋಷ ಎರಡೂ ಇವೆ. ಅದು ಯಾಕೆ ಹಾಗೆ ಅಂತ ಸ್ವಲ್ಪ ಹೇಳಬೇಕು. ಸುಮ್ನೆ 'ಮೋಸ, ಮೋಸ' ಅಂದರೆ ನೀವೂ ನಂಬಬಾರದು.

ಹಂಪಿಗೆ ಹೋದವರು ವಿರೂಪಾಕ್ಷ ಗುಡಿಯಲ್ಲಿ ಒಂದು ವಿಚಿತ್ರ ನೋಡಿರುತ್ತಾರೆ. ಒಂದು ಕತ್ತಲೆ ಕೋಣೆ. ಅದರ ಗೋಡೆಯಲ್ಲಿ ಸಣ್ಣ ಕಿಂಡಿ. ಎದುರು ಗೋಡೆಯ ಮೇಲೆ ದೊಡ್ಡ ಗೋಪುರ ತಲೆಕೆಳಗಾಗಿ ಬಿದ್ದಿರುತ್ತದೆ. ಅಲ್ಲಿ ಲೆನ್ಸು ಯಾರೂ ಇಟ್ಟಿಲ್ಲ. 2019ರ ಡಿಸೆಂಬರ್ 26ರ ಗ್ರಹಣದ ದಿನ ನಮ್ಮ ಅಂಗಡಿ ಎದುರಿನ ಮರದ ಕೆಳಗೂ ಇದನ್ನೇ ನೋಡಿದೆವು. ಎಲೆಗಳ ಸಂದಿನಿಂದ ಬಿದ್ದ ಬಿಸಿಲು ದಿನಾ ದುಂಡಗಿರುತ್ತಿತ್ತು, ಅವತ್ತು ನೆಲದ ತುಂಬ ಕುಡುಗೋಲು. ತೂತು ಸಣ್ಣದಾದಷ್ಟೂ ಚಿತ್ರ ಚೊಕ್ಕ. ಆದರೆ ಅಷ್ಟೇ ಮಂಕು.

ಕಣ್ಣಿನಲ್ಲೂ ಅಷ್ಟೇ. ಪವರ್ ಬಂದಿರುವ ಕಣ್ಣಿನಲ್ಲಿ ಬೆಳಕು ಸರಿಯಾಗಿ ಹಿಂದಿನ ಪರದೆಯ ಮೇಲೆ, ಅಂದರೆ ರೆಟಿನಾ ಮೇಲೆ, ಕೂಡುವುದಿಲ್ಲ. ಒಂದು ಚುಕ್ಕಿ ಒಂದು ಬಿಲ್ಲೆಯಾಗಿ ಹರಡುತ್ತದೆ. ಬಿಲ್ಲೆಗಳು ಒಂದರ ಮೇಲೊಂದು ಬಿದ್ದರೆ ಅಕ್ಷರ ಕಲಸಿಹೋಗುತ್ತದೆ. ಆ ಬಿಲ್ಲೆ ಎಷ್ಟು ದೊಡ್ಡದು ಅನ್ನುವುದು ಕಣ್ಣಿನ ಪಾಪೆ ಎಷ್ಟು ಅಗಲ ತೆರೆದಿದೆ ಅನ್ನುವುದರ ಮೇಲೆ ನಿಂತಿದೆ. ಪಾಪೆ 4 ಮಿಲಿಮೀಟರ್ ಇದ್ದು, ಅದರ ಮುಂದೆ 1.2 ಮಿಲಿಮೀಟರ್ ತೂತು ಹಿಡಿದರೆ ಬಿಲ್ಲೆ ಹತ್ತರಲ್ಲಿ ಮೂರು ಪಾಲಿಗೆ ಇಳಿಯುತ್ತದೆ. ಅಕ್ಷರ ಬಿಡಿಬಿಡಿಯಾಗಿ ಕಾಣುತ್ತದೆ. ಚಾಳೀಸು ಮರೆತು ಬಂದವರು ಮುಷ್ಟಿ ಮಡಚಿ, ನಡುವೆ ಸಣ್ಣ ಸಂದು ಬಿಟ್ಟು ಅದರೊಳಗಿಂದ ಬಿಲ್ಲು ಓದುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಹುಡುಗರು ಬೋರ್ಡ್ ಕಾಣದಿದ್ದಾಗ ಕಣ್ಣು ಕಿರಿದು ಮಾಡುವುದೂ ಇದೇ ಉಪಾಯ. ಅದಕ್ಕೆ ಯಾರೂ 449 ರೂಪಾಯಿ ಕೊಡುವುದಿಲ್ಲ.

ಇನ್ನು ಬೆಳಕಿನ ಲೆಕ್ಕ. ಅದೇ ತೂತಿನಿಂದ ಒಳಗೆ ಹೋಗುವ ಬೆಳಕು ನೂರರಲ್ಲಿ ಒಂಬತ್ತು ಪಾಲು. ಉಳಿದ ತೊಂಬತ್ತೊಂದು ಪಾಲು ಪ್ಲಾಸ್ಟಿಕ್ಕಿಗೆ ಬಡಿದು ನಿಲ್ಲುತ್ತದೆ. ಬಿಸಿಲಿನಲ್ಲಿ ರಾಹುಕಾಲ ಕಂಡಿದ್ದು, ಟ್ಯೂಬ್‌ಲೈಟಿನ ಕೆಳಗೆ ಕಾಣದಿದ್ದದ್ದು ಇದಕ್ಕೇ. ತೂತನ್ನು ಇನ್ನೂ ಸಣ್ಣದು ಮಾಡಿದರೆ ಇನ್ನೂ ಚೊಕ್ಕ ಕಾಣಬೇಕಲ್ವಾ? ಅದೂ ಇಲ್ಲ. ಒಂದು ಮಿಲಿಮೀಟರಿಗಿಂತ ಕೆಳಗೆ ಹೋದರೆ ಬೆಳಕೇ ತೂತಿನ ಅಂಚಿಗೆ ತಾಗಿ ಹರಡಿ ಚಿತ್ರ ಮತ್ತೆ ಮಸುಕಾಗುತ್ತದೆ. ಕಣ್ಣಿನ ಡಾಕ್ಟರುಗಳು 1.2ರ ಆಸುಪಾಸಿನಲ್ಲಿ ನಿಂತಿರುವುದು ಅದರಿಂದಲೇ.

ಹೌದು, ಕಣ್ಣಿನ ಡಾಕ್ಟರುಗಳ ಹತ್ತಿರವೂ ಇದು ಇದೆ. ನನ್ನ ಹತ್ತಿರವೂ ಇದೆ. ನಮ್ಮ ಟ್ರಯಲ್ ಸೆಟ್ಟಿನ ಪೆಟ್ಟಿಗೆ ತೆರೆದರೆ ಪ್ಲಸ್ಸು, ಮೈನಸ್ಸು, ಸಿಲಿಂಡರ್ ಲೆನ್ಸುಗಳು ಸಾಲಾಗಿ ನಿಂತಿರುತ್ತವೆ, ಅವುಗಳ ಪಕ್ಕದಲ್ಲಿ ಒಂದು ಕಪ್ಪು ಬಿಲ್ಲೆ. ಅದೇ ಪಿನ್‌ಹೋಲ್. ಗಿರಾಕಿ ಚಾರ್ಟಿನಲ್ಲಿ ಕೆಳಗಿನ ಸಾಲು ಕಾಣಲ್ಲ ಅಂದಾಗ, ಒಂದು ಕಣ್ಣು ಮುಚ್ಚಿ ಇನ್ನೊಂದರ ಮುಂದೆ ಅದನ್ನು ಇಡುತ್ತೇವೆ. ಎರಡು ಸಾಲು ಹೆಚ್ಚು ಓದಿದರೆ, ತೊಂದರೆ ಪವರಿನದು, ಕನ್ನಡಕ ಕೊಟ್ಟರೆ ಸರಿಹೋಗುತ್ತದೆ ಅಂತ ಅರ್ಥ. ಒಂದು ಅಕ್ಷರವೂ ಹೆಚ್ಚು ಕಾಣದಿದ್ದರೆ, ತೊಂದರೆ ಬೇರೆ ಕಡೆ ಇರಬಹುದು. ರೆಟಿನಾ ಇರಬಹುದು, ನರ ಇರಬಹುದು, ಚಿಕ್ಕಂದಿನಿಂದ ಸೋಮಾರಿಯಾದ ಕಣ್ಣಿರಬಹುದು, ದಟ್ಟ ಪೊರೆ ಇರಬಹುದು. ಆಗ ನಾವು ಲೆನ್ಸು ಬದಲಾಯಿಸುತ್ತಾ ಕೂರಬಾರದು, ಆಸ್ಪತ್ರೆಗೆ ಕಳಿಸಬೇಕು.

ಈಗ ತಮಾಷೆ ನೋಡಿ. ತೂತಿನಲ್ಲಿ ಚೆನ್ನಾಗಿ ಕಂಡರೆ 'ನಿನಗೆ ಕನ್ನಡಕ ಬೇಕು' ಅಂತ ಅರ್ಥ. ಅದನ್ನೇ ತಿರುಗಿಸಿ, 'ನೋಡು, ಚೆನ್ನಾಗಿ ಕಾಣುತ್ತಲ್ಲ, ಇನ್ನು ಕನ್ನಡಕ ಬೇಡ' ಅಂತ ಮಾರುತ್ತಿದ್ದಾರೆ. ಜ್ವರ ನೋಡುವ ಥರ್ಮಾಮೀಟರನ್ನೇ ಜ್ವರದ ಮಾತ್ರೆ ಅಂತ ಮಾರಿದ ಹಾಗೆ. ನನ್ನ ಇಡೀ ದೂರು ಇಷ್ಟೇ.

ಕೊಬ್ಬರಿ ಯಜಮಾನರ ಕಥೆ ಅಲ್ಲಿಗೆ ಮುಗಿಯಲಿಲ್ಲ. ಸ್ಕ್ರೂ ಟೈಟ್ ಮಾಡಿ ಕೊಟ್ಟೆ. ಸುಮ್ಮನೆ ಕಳಿಸಲು ಮನಸ್ಸಾಗದೆ, ಬನ್ನಿ, ಚಾರ್ಟು ಓದಿ ಅಂತ ಪರದೆ ಹಿಂದೆ ಕೂರಿಸಿದೆ. ಬಲಗಣ್ಣು 6/9. (6/6 ಅಂದರೆ ಸರಿಯಾದ ನೋಟ, ಕೆಳಗಿನ ಅಂಕೆ ದೊಡ್ಡದಾದಷ್ಟೂ ನೋಟ ಕಮ್ಮಿ.) ಪಿನ್‌ಹೋಲ್ ಇಟ್ಟೆ, 6/6. ಸಂತೋಷ. ಎಡಗಣ್ಣು 6/24. ಪಿನ್‌ಹೋಲ್ ಇಟ್ಟೆ. 6/24. ತೆಗೆದು ಒರೆಸಿ ಮತ್ತೆ ಇಟ್ಟೆ. ಅದೇ. ಯಜಮಾನರು ಮೊದಲ ಸಲ ಬಲಗಣ್ಣು ಪೂರ್ತಿ ಮುಚ್ಚಿ ಎಡಗಣ್ಣೊಂದರಲ್ಲೇ ನನ್ನ ಅಂಗಡಿ ನೋಡಿದರು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಿಮ್ಮ ಮುಖದ ಮಧ್ಯ ಮಬ್ಬು ಅದೆ" ಅಂದರು.

ಎಂಟು ತಿಂಗಳು ದಿನಕ್ಕೆರಡು ಸಲ ಕಣ್ಣ ಮುಂದೆಯೇ ಪಿನ್‌ಹೋಲ್ ಇಟ್ಟುಕೊಂಡಿದ್ದವರಿಗೆ ಅದು ಗೊತ್ತಾಗಿರಲಿಲ್ಲ. ಎರಡೂ ಕಣ್ಣು ತೆರೆದು ನೋಡುತ್ತಿದ್ದರು, ಒಳ್ಳೆಯ ಕಣ್ಣು ಕೆಟ್ಟದ್ದರ ಕೆಲಸವನ್ನೂ ಮಾಡುತ್ತಿತ್ತು. ಒಂದೊಂದೇ ಕಣ್ಣು ಮುಚ್ಚಿ ನೋಡಿ ಅಂತ ಆ ಡಬ್ಬಿಯ ಮೇಲೆ ಒಂದು ಸಾಲು ಇದ್ದಿದ್ದರೆ! ಸಕ್ಕರೆ ಕಾಯಿಲೆ ಇದೆಯಾ ಅಂತ ಕೇಳಿದೆ. ಹನ್ನೊಂದು ವರ್ಷದಿಂದ ಇದೆ, ಮಾತ್ರೆ ತಗೋತೀನಿ ಅಂದರು. ಮಾರನೇ ದಿನವೇ ಮಗನ ಜೊತೆ ಕಣ್ಣಿನ ಆಸ್ಪತ್ರೆಗೆ ಹೋದರು. ಸಕ್ಕರೆಯಿಂದ ರೆಟಿನಾದಲ್ಲಿ ನೀರು ತುಂಬಿದೆ ಅಂದರಂತೆ. ಈಗ ಕಣ್ಣಿಗೆ ಇಂಜೆಕ್ಷನ್ ಶುರುವಾಗಿದೆ. ಎಂಟು ತಿಂಗಳು ಮುಂಚೆ ಹೋಗಿದ್ದರೆ ಎಷ್ಟು ಉಳಿಯುತ್ತಿತ್ತು ಅಂತ ಹೇಳಲು ನಾನು ಡಾಕ್ಟರಲ್ಲ. ಆದರೆ ಆ ಎಂಟು ತಿಂಗಳು ಅವರು ಯಾಕೆ ಕಾದರು ಅನ್ನುವುದು ಗೊತ್ತು. ವ್ಯಾಯಾಮ ಕೆಲಸ ಮಾಡುತ್ತಿದೆ ಅಂದುಕೊಂಡಿದ್ದರು.

ಆ ವ್ಯಾಯಾಮದ ಮಾತು ಬೇರೆ ಇನ್ನೊಂದು ಸುಳ್ಳು. ಹತ್ತಿರದ್ದನ್ನು ನೋಡುವಾಗ ಕಣ್ಣಿನೊಳಗಿನ ಸ್ನಾಯು ಬಿಗಿದು ಲೆನ್ಸನ್ನು ಉಬ್ಬಿಸುತ್ತದೆ. ತೂತಿನಿಂದ ನೋಡುವಾಗ ಹತ್ತಿರದ್ದೂ ದೂರದ್ದೂ ಹೇಗಿದ್ದರೂ ಹೆಚ್ಚುಕಡಿಮೆ ಚೊಕ್ಕವಾಗಿಯೇ ಕಾಣುವುದರಿಂದ ಆ ಸ್ನಾಯುವಿಗೆ ಬಿಗಿಯುವ ಅಗತ್ಯವೇ ಕಡಿಮೆ. ಅಂದರೆ ವ್ಯಾಯಾಮ ಇರಲಿ, ಅದಕ್ಕೆ ಮಂಚ ಹಾಕಿಕೊಟ್ಟ ಹಾಗೆ. ಮೇಲಾಗಿ ನಲವತ್ತರ ಮೇಲೆ ಬರುವ ಚಾಳೀಸು ಸ್ನಾಯುವಿನ ಸೋಮಾರಿತನದಿಂದ ಬರುವುದಲ್ಲ, ಕಣ್ಣೊಳಗಿನ ಲೆನ್ಸೇ ವಯಸ್ಸಾದಂತೆ ಗಟ್ಟಿಯಾಗುವುದರಿಂದ ಬರುತ್ತದೆ. ಎಳನೀರಿನ ಗಂಜಿ ಬಲಿತು ಕೊಬ್ಬರಿಯಾದ ಮೇಲೆ ಅದನ್ನು ಮತ್ತೆ ಗಂಜಿ ಮಾಡುವ ವ್ಯಾಯಾಮ ನಮ್ಮ ಮಂಡಿಯಲ್ಲಿ ಯಾರಿಗೂ ಗೊತ್ತಿಲ್ಲ. ಇನ್ನು ಮಕ್ಕಳ ಮೈನಸ್ ಪವರು. ಸಾಮಾನ್ಯವಾಗಿ ಅದು ಕಣ್ಣುಗುಡ್ಡೆ ಉದ್ದಕ್ಕೆ ಬೆಳೆದು ಬರುವುದು. ಪ್ಲಾಸ್ಟಿಕ್ ತೂತು ಗುಡ್ಡೆಯನ್ನು ಗಿಡ್ಡ ಮಾಡುತ್ತದಾ?

ಮಕ್ಕಳ ಮಾತು ಬಂತು. ಎಂಟನೇ ಕ್ಲಾಸಿನ ಒಂದು ಹುಡುಗಿ, ಎರಡೂ ಕಣ್ಣಿಗೆ ಮೈನಸ್ ಎರಡೂವರೆ. ಅವಳ ತಾಯಿ ಕನ್ನಡಕ ಬಿಡಿಸಿ ಜರಡಿ ಹಾಕಿಸಿದ್ದರು. ಕಾರಣ ನನಗೆ ಮೊದಲೇ ಗೊತ್ತಿತ್ತು, ಆದರೂ ಕೇಳಿದೆ. "ಈಗಲೇ ಸೋಡಾಬುಡ್ಡಿ ಅಂತಾರೆ ಅಣ್ಣ, ನಾಳೆ ಮದುವೆ ಟೈಮಿಗೆ ಏನ್ ಮಾಡೋದು?" ಪಾಪ, ಆ ತಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಕನ್ನಡಕ ಹಾಕಿದರೆ ನಂಬರ್ ಜಾಸ್ತಿ ಆಗುತ್ತೆ ಅನ್ನುವ ನಂಬಿಕೆ ನಮ್ಮಲ್ಲಿ ಎಷ್ಟು ಗಟ್ಟಿ ಅಂದರೆ, ನನ್ನ ಸ್ವಂತ ಅತ್ತಿಗೆ ಈಗಲೂ ನನ್ನ ಮುಂದೆಯೇ ಅದನ್ನು ಹೇಳುತ್ತಾರೆ. ಹುಡುಗಿ ತರಗತಿಯಲ್ಲಿ ಜರಡಿ ಹಾಕಿಕೊಳ್ಳಲು ನಾಚಿಕೊಂಡು, ಅದನ್ನೂ ಹಾಕದೆ, ಕನ್ನಡಕವನ್ನೂ ಹಾಕದೆ, ಪಕ್ಕದವಳ ಪುಸ್ತಕ ನೋಡಿ ಬರೆದುಕೊಳ್ಳುತ್ತಿದ್ದಳು. ಒಂದು ವರ್ಷದ ಮೇಲೆ ನನ್ನ ಹತ್ತಿರ ಬಂದಾಗ ಮೈನಸ್ ಮೂರೂಕಾಲು. ಅದು ಜರಡಿಯಿಂದ ಆಯಿತು ಅಂತ ನಾನು ಹೇಳುವುದಿಲ್ಲ, ಆ ವಯಸ್ಸಿನಲ್ಲಿ ಹೇಗಿದ್ದರೂ ಏರುತ್ತದೆ. ಅವಳು ಬೋರ್ಡಿನ ಮೇಲಿನ ಗಣಿತ ನೋಡದೆ ಕಳೆದ ಆ ಒಂದು ವರ್ಷದ ಬಗ್ಗೆ ಮಾತ್ರ ಹೇಳುತ್ತೇನೆ. ಇನ್ನೂ ಚಿಕ್ಕ ಮಕ್ಕಳಾದರೆ ಇದಕ್ಕಿಂತ ಕಷ್ಟ. ಏಳೆಂಟು ವರ್ಷದೊಳಗೆ ಕಣ್ಣಿನಿಂದ ಚೊಕ್ಕ ಚಿತ್ರ ಹೋಗದಿದ್ದರೆ ಮಿದುಳು ಆ ಕಣ್ಣಿನ ಕೈಬಿಟ್ಟುಬಿಡುತ್ತದೆ. ಆಮೇಲೆ ಎಷ್ಟು ಒಳ್ಳೆಯ ಲೆನ್ಸು ಕೊಟ್ಟರೂ ಪೂರ್ತಿ ದೃಷ್ಟಿ ಬರುವುದು ಕಷ್ಟ.

ಗಾಡಿ ಓಡಿಸುವ ವಿಷಯ ಹೆಚ್ಚು ಬೇಡ, ಒಂದೇ ಮಾತು. ಆ ಕನ್ನಡಕ ಹಾಕಿದರೆ ಪಕ್ಕದಿಂದ ಬರುವುದು ಸರಿಯಾಗಿ ಕಾಣುವುದಿಲ್ಲ, ಸಂಜೆಯಾದ ಮೇಲೆ ಮುಂದಿನದೂ ಕಾಣುವುದಿಲ್ಲ. ಮಬ್ಬಿನಲ್ಲಿ ಪಾಪೆ ಅಗಲವಾಗಿ ಎರಡು ತೂತು ಒಟ್ಟಿಗೆ ಅದರ ಮುಂದೆ ಬಂದರೆ ಒಂದು ದೀಪ ಎರಡಾಗಿ ಕಾಣುತ್ತದೆ. ನಾನು ಹಾಕಿಕೊಂಡು ಅಂಗಡಿ ಮೆಟ್ಟಿಲು ಇಳಿದು ನೋಡಿದ್ದೇನೆ, ಟೂ ವೀಲರ್ ಹತ್ತುವ ಧೈರ್ಯ ಮಾಡಲಿಲ್ಲ. ಆದರೂ ನನ್ನ ಮುಂದಿರುವ ಡಬ್ಬಿಯ ಮೇಲೆ ಗಾಡಿ ಓಡಿಸಬೇಡಿ ಅನ್ನುವ ಮಾತಿಲ್ಲ.

ಇದೆಲ್ಲ ಹೊಸದಾಗಿ ಕಂಡುಹಿಡಿದ ದೂರೂ ಅಲ್ಲ. ಅಮೆರಿಕದಲ್ಲಿ 1990ರ ದಶಕದ ಆರಂಭದಲ್ಲೇ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್, ಅಂದರೆ ಗ್ರಾಹಕರಿಗೆ ಮೋಸವಾಗದ ಹಾಗೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ, ಈ ಕನ್ನಡಕ ದೃಷ್ಟಿಯನ್ನು ಶಾಶ್ವತವಾಗಿ ಸರಿಮಾಡುತ್ತದೆ ಅಂತ ಹೇಳಿ ಮಾರುವುದಕ್ಕೆ ತಡೆ ಹಾಕಿತ್ತು. ಆ ಮಾತು ಮೂವತ್ತು ವರ್ಷ ಆದಮೇಲೆ ನಮ್ಮ ಮೊಬೈಲುಗಳಿಗೆ ಬಂದು ಇಳಿದಿದೆ.

ನಮ್ಮ ದೇಶದಲ್ಲೇ ಹತ್ತಿರದ ಉದಾಹರಣೆ ಒಂದಿದೆ. 2024ರಲ್ಲಿ ಮುಂಬೈಯ ಒಂದು ಔಷಧ ಕಂಪನಿ ಚಾಳೀಸಿಗೆ ಅಂತ ಕಣ್ಣಿನ ಡ್ರಾಪ್ಸ್ ತಂದಿತ್ತು, ನಿಮಗೆ ನೆನಪಿರಬಹುದು. ಟಿವಿ ತುಂಬ ಅದೇ ಸುದ್ದಿ. ಹದಿನೈದು ನಿಮಿಷದಲ್ಲಿ ಕನ್ನಡಕ ಬೇಡ! ನನ್ನ ಅಂಗಡಿಗೆ ಆ ವಾರ ಚಾಳೀಸು ಕೇಳಿಕೊಂಡು ಬಂದವರೆಲ್ಲ ಮೊದಲು ಕೇಳಿದ್ದು ಆ ಡ್ರಾಪ್ಸ್. ಅದರಲ್ಲಿದ್ದದ್ದು ಪೈಲೋಕಾರ್ಪಿನ್ ಅನ್ನುವ ಹಳೆಯ ಔಷಧಿ. ಅದು ಪಾಪೆಯನ್ನು ಕುಗ್ಗಿಸುತ್ತದೆ. ಪಾಪೆ ಕುಗ್ಗಿದರೆ ಅದೇ ಒಂದು ಪಿನ್‌ಹೋಲ್. ಜರಡಿಯ ಉಪಾಯವೇ, ಪ್ಲಾಸ್ಟಿಕ್ಕಿನ ಬದಲು ನಮ್ಮದೇ ಪಾಪೆಯಲ್ಲಿ. ಅದು ಕೆಲಸ ಮಾಡುವುದಿಲ್ಲ ಅಂತಲ್ಲ, ಕೆಲವು ಗಂಟೆ ಮಾಡುತ್ತದೆ. ಡಾಕ್ಟರ ಚೀಟಿ ಇಲ್ಲದೆ ಸಿಗಬಾರದ ಔಷಧಿಯನ್ನು ಎಲ್ಲರೂ ಹಾಕಿಕೊಳ್ಳಬಹುದಾದ ಹಾಗೆ ಪ್ರಚಾರ ನಡೆದಾಗ, ಭಾರತದ ಔಷಧ ಮಹಾನಿಯಂತ್ರಕರು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅನುಮತಿಯನ್ನೇ ತಡೆಹಿಡಿದರು. ಕೆಲವೇ ದಿನಗಳ ಕೆಲಸ. ಅಷ್ಟು ಬೇಗ ಸರ್ಕಾರ ಕದಲಿದ್ದನ್ನು ನೋಡಿ ನನಗೇ ಆಶ್ಚರ್ಯವಾಗಿತ್ತು.

ಹಾಗಾದರೆ ಅದೇ ಉಪಾಯ, ಅದಕ್ಕಿಂತ ದೊಡ್ಡ ಸುಳ್ಳಿನ ಜೊತೆ, ಪ್ಲಾಸ್ಟಿಕ್ಕಿನಲ್ಲಿ ಬಂದರೆ ಯಾರೂ ಯಾಕೆ ನೋಡುತ್ತಿಲ್ಲ? ತುಮಕೂರಿನಲ್ಲಿ ವಕೀಲನಾಗಿರುವ ನನ್ನ ತಂಗಿಯ ಮಗನನ್ನು ಕೇಳಿದೆ. ಅವನು ಹೇಳಿದ್ದನ್ನು ನನಗೆ ಅರ್ಥವಾದಷ್ಟು ಬರೆಯುತ್ತೇನೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯಲ್ಲಿ 'ಔಷಧ' ಅಂದರೆ ಬರೀ ಮಾತ್ರೆ, ಕಷಾಯ ಅಲ್ಲ. ಆಹಾರ ಬಿಟ್ಟು, ದೇಹದ ರಚನೆ ಅಥವಾ ಕೆಲಸದ ಮೇಲೆ ಪರಿಣಾಮ ಮಾಡಲೆಂದು ಇರುವ ಯಾವ ವಸ್ತುವಾದರೂ ಅದರೊಳಗೆ ಬರುತ್ತದಂತೆ. ಜಾಹೀರಾತು ಕೊಡಲೇಬಾರದ ಕಾಯಿಲೆಗಳ ಪಟ್ಟಿಯಲ್ಲಿ ಕುರುಡುತನ, ಪೊರೆ, ಗ್ಲಾಕೋಮಾ ಮೂರೂ ಇವೆ. 'ಪೊರೆಗೂ ಒಳ್ಳೆಯದು' ಅಂತ ಬರೆದ ಡಬ್ಬಿ ಈ ಕಾಯ್ದೆಯಿಂದ ಹೇಗೆ ತಪ್ಪಿಸಿಕೊಂಡಿತು? ಅದು ಬೇರೆ ಇಲಾಖೆಯದು ಅಂದರೆ, ಸರಿ. 2019ರ ಗ್ರಾಹಕ ರಕ್ಷಣಾ ಕಾಯ್ದೆ ನಿಮ್ಮದೇ ತಾನೆ? ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕುವ ಅಧಿಕಾರ ನಿಮಗಿದೆ. ಪಾಸಾದವರ ಫೋಟೊ ಹಾಕಿ ಮೆರೆಯುತ್ತಿದ್ದ ಐಎಎಸ್ ಕೋಚಿಂಗ್ ಸೆಂಟರುಗಳಿಗೆ ನೀವು ದಂಡ ಹಾಕಿದ್ದನ್ನು ಪೇಪರಿನಲ್ಲಿ ಓದಿದ್ದೇನೆ. ನೋಡಬೇಕು ಅಂದರೆ ನಿಮಗೆ ನೋಡಲು ಬರುತ್ತದೆ.

ಅದನ್ನು ಮಾರಿದ ಆ್ಯಪಿನವರಿಗೆ ಯಜಮಾನರ ಮಗ ಬರೆದಿದ್ದ. ವಾಪಸ್ ಕೊಡುವ ಏಳು ದಿನದ ಅವಧಿ ಮುಗಿದಿದೆ ಅಂತ ಉತ್ತರ ಬಂತು. ದೃಷ್ಟಿ ಸುಧಾರಿಸಲು ಮೂರು ತಿಂಗಳು ಬೇಕು ಅಂತ ಡಬ್ಬಿ ಹೇಳುತ್ತದೆ, ವಾಪಸ್ ಕೊಡಲು ಏಳು ದಿನ ಅಂತ ಆ್ಯಪ್ ಹೇಳುತ್ತದೆ.

ಬೇರೆಯವರ ಮೇಲೆ ಇಷ್ಟು ಹೇಳಿದ ಮೇಲೆ ನಮ್ಮ ಅಂಗಡಿಯ ಕಸವನ್ನೂ ಸ್ವಲ್ಪ ಗುಡಿಸಬೇಕು. ಮೊಬೈಲ್ ನೋಡುವವರಿಗೆ ಅಂತ ಬ್ಲೂ ಕಟ್, ಅಂದರೆ ನೀಲಿ ಬೆಳಕು ತಡೆಯುವ, ಲೆನ್ಸು ನಾನೂ ವರ್ಷಗಟ್ಟಲೆ ಮಾರಿದ್ದೇನೆ. ನೀಲಿ ಟಾರ್ಚು ಹಾಕಿ ತೋರಿಸುವ ಆ ಆಟ ನನಗೂ ಬರುತ್ತದೆ. 2023ರಲ್ಲಿ ಕಾಕ್ರೇನ್ ಸಂಸ್ಥೆಯವರು 17 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿ, ಕಂಪ್ಯೂಟರ್ ನೋಡಿ ಕಣ್ಣು ಆಯಾಸವಾಗುವುದನ್ನು ಅದು ಸಾದಾ ಲೆನ್ಸಿಗಿಂತ ಹೆಚ್ಚೇನೂ ಕಡಿಮೆ ಮಾಡುವ ಹಾಗೆ ಕಾಣುವುದಿಲ್ಲ ಅಂದರು. ಅದು ಗೊತ್ತಾದ ಮೇಲೆ ಕೇಳಿದವರಿಗಷ್ಟೇ ಕೊಡುತ್ತಿದ್ದೇನೆ, ಅದೂ ವಿಷಯ ಹೇಳಿ. ಇನ್ನೊಂದು, ನಮ್ಮ 'ಕಂಪ್ಯೂಟರ್ ಟೆಸ್ಟಿಂಗ್' ಬೋರ್ಡ್ ನೋಡಿ ಜನ ಪೂರ್ತಿ ಕಣ್ಣು ತಪಾಸಣೆ ಆಯಿತು ಅಂದುಕೊಳ್ಳುತ್ತಾರೆ. ಆ ಮೆಷಿನ್ನು ಕೊಡುವುದು ಬರೀ ಪವರ್. ಕಣ್ಣಿನೊಳಗಿನ ಒತ್ತಡ ಅದಕ್ಕೆ ಗೊತ್ತಿಲ್ಲ, ರೆಟಿನಾ ಗೊತ್ತಿಲ್ಲ. ಗ್ಲಾಕೋಮಾ ಸದ್ದಿಲ್ಲದೆ ಪಕ್ಕದ ನೋಟವನ್ನು ತಿನ್ನುತ್ತಾ ಬರುವ ಕಾಯಿಲೆ. ಅಂಥವರು ನಮ್ಮ ಚಾರ್ಟಿನಲ್ಲಿ ಕೊನೆ ಸಾಲನ್ನೂ ಓದಿಬಿಡಬಹುದು. ನಲವತ್ತು ದಾಟಿದವರಿಗೆ, ಒಂದು ಸಲ ಡಾಕ್ಟರ ಹತ್ತಿರ ಒತ್ತಡ ನೋಡಿಸಿಕೊಂಡು ಬನ್ನಿ ಅಂತ ಈಗ ಚೀಟಿ ಬರೆದು ಕೊಡುತ್ತೇನೆ. ಹತ್ತರಲ್ಲಿ ಇಬ್ಬರು ಹೋದರೆ ಹೆಚ್ಚು. ಆದರೂ ಚಾಳೀಸು ಅನ್ನುವುದು ನಮ್ಮ ಜನ ಕಣ್ಣಿನ ವಿಷಯಕ್ಕೆ ಯಾರದ್ದಾದರೂ ಬಾಗಿಲು ತಟ್ಟುವ ಒಂದೇ ಸಂದರ್ಭ. ಜರಡಿ ಕನ್ನಡಕ ಆ ಬಾಗಿಲನ್ನೇ ತಪ್ಪಿಸುತ್ತದೆ.

ಸಾದಾ ಚಾಳೀಸಿನಿಂದ ಏನಾಗುತ್ತದೆ ಅನ್ನುವುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. ಅಸ್ಸಾಮಿನ ಟೀ ತೋಟದಲ್ಲಿ ನಲವತ್ತು ದಾಟಿದ 751 ಎಲೆ ಕೀಳುವವರ ಮೇಲೆ ಪ್ರಯೋಗ ಮಾಡಿದ್ದರು. ಅರ್ಧ ಜನಕ್ಕೆ ಹತ್ತಿರದ್ದು ಕಾಣುವ ಕನ್ನಡಕ ಕೊಟ್ಟರು, ಉಳಿದವರಿಗೆ ಪ್ರಯೋಗ ಮುಗಿದ ಮೇಲೆ. 2018ರಲ್ಲಿ ಬಂದ ಫಲಿತಾಂಶದಲ್ಲಿ ಕನ್ನಡಕ ಹಾಕಿದವರು ಕೀಳುವ ಎಲೆ, ಹಾಕದವರಿಗೆ ಹೋಲಿಸಿದರೆ ಶೇ 21.7ರಷ್ಟು ಜಾಸ್ತಿಯಾಗಿತ್ತು. ವಿಶೇಷ ಲೆನ್ಸೇನಲ್ಲ, ನಮ್ಮ ಕಪಾಟಿನ ಕೆಳಸಾಲಿನಲ್ಲಿ ಇರುವಂಥದ್ದೇ. ನಮ್ಮ ರಾಜ್ಯದಲ್ಲೂ ಆಶಾಕಿರಣ ಯೋಜನೆಯಲ್ಲಿ ಮನೆಮನೆಗೆ ಬಂದು ಕಣ್ಣು ನೋಡಿ ಪುಕ್ಕಟೆ ಕನ್ನಡಕ ಕೊಟ್ಟಿದ್ದಾರೆ. ಅದರಿಂದ ವ್ಯಾಪಾರ ಕಡಿಮೆಯಾಗುತ್ತೆ ಅಂತ ನಮ್ಮಲ್ಲಿ ಕೆಲವರು ಗೊಣಗಿದ್ದು ನಿಜ. ನಾನು ಗೊಣಗಲಿಲ್ಲ ಅಂದರೆ ಸುಳ್ಳಾಗುತ್ತದೆ, ಎರಡು ದಿನ ಗೊಣಗಿದೆ.

ಈಗ ನಾನು ಕೇಳುವುದು. ಜರಡಿ ಕನ್ನಡಕವನ್ನು ನಿಷೇಧಿಸಿ ಅಂತ ನಾನು ಕೇಳುತ್ತಿಲ್ಲ. ಚಾಳೀಸು ಕಳೆದುಹೋದ ದಿನ, ಬಿಸಿಲಿನಲ್ಲಿ ಕೂತು ಒಂದು ಕಾಗದ ಓದಲು ಅದು ಆಗುತ್ತದೆ. ಹಾಗಂತ ಬರೆದು ಮಾರಲಿ. ದೃಷ್ಟಿ ಸುಧಾರಿಸುತ್ತದೆ, ವ್ಯಾಯಾಮ, ಕನ್ನಡಕ ಬಿಡಬಹುದು ಅನ್ನುವ ಮಾತುಗಳನ್ನು ಡಬ್ಬಿಯಿಂದ ಮಾತ್ರವಲ್ಲ, ಆ್ಯಪುಗಳ ಪುಟಗಳಿಂದಲೂ ತೆಗೆಸಿ. ಡಬ್ಬಿಯಿಂದ ಅಳಿಸಿ ಪುಟದಲ್ಲಿ ಇಟ್ಟುಕೊಳ್ಳುವುದು ಅವರಿಗೆ ಐದು ನಿಮಿಷದ ಕೆಲಸ. ಗಾಡಿ ಓಡಿಸಬೇಡಿ, ಮಕ್ಕಳಿಗೆ ಕನ್ನಡಕದ ಬದಲು ಇದನ್ನು ಹಾಕಬೇಡಿ, ಇದು ಪವರನ್ನು ಸರಿಮಾಡುವುದಿಲ್ಲ ಅಂತ ಮಾರುವ ಊರಿನ ಭಾಷೆಯಲ್ಲಿ ಬರೆಸಿ. ತಯಾರಿಸಿದವರ ಹೆಸರು, ವಿಳಾಸ ಇಲ್ಲದ ಡಬ್ಬಿ ಮಾರಾಟಕ್ಕೇ ಬರಬಾರದು. ಅದರ ಜೊತೆ ಇನ್ನೊಂದು ಸಾಲು ಬರೆಸಿ. ನನಗೆ ಎಲ್ಲಕ್ಕಿಂತ ಮುಖ್ಯ ಅದು. 'ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ನೋಡಿ. ತೂತಿನಲ್ಲಿ ಚೆನ್ನಾಗಿ ಕಂಡರೆ ನಿಮಗೆ ಕನ್ನಡಕ ಬೇಕು. ತೂತಿನಲ್ಲೂ ಕಾಣದಿದ್ದರೆ ಇಂದೇ ಕಣ್ಣಿನ ಡಾಕ್ಟರನ್ನು ನೋಡಿ.'

ಕೊನೆಯದು ನಿಮ್ಮ ಇಲಾಖೆಯದಲ್ಲ, ಆದರೂ ಆರೋಗ್ಯ ಇಲಾಖೆಯವರು ಈ ಪತ್ರ ಓದಿದರೆ ಅಂತ ಬರೆಯುತ್ತೇನೆ. ಒಂದು ರಟ್ಟಿನ ತುಂಡು, ಅದರಲ್ಲಿ 1.2 ಮಿಲಿಮೀಟರಿನ ಒಂದೇ ತೂತು. ಇದನ್ನು ಪ್ರತಿ ಆಶಾ ಕಾರ್ಯಕರ್ತೆಯ ಚೀಲದಲ್ಲಿ, ಪ್ರತಿ ಶಾಲೆಯ ಮೇಜಿನ ಖಾನೆಯಲ್ಲಿ ಇಡಬಹುದು. ಚಾರ್ಟಿನ ಜೊತೆ ಅದಿದ್ದರೆ, ಯಾರನ್ನು ಕನ್ನಡಕಕ್ಕೆ ಕಳಿಸಬೇಕು, ಯಾರನ್ನು ಅರ್ಜೆಂಟಾಗಿ ಆಸ್ಪತ್ರೆಗೆ ಕಳಿಸಬೇಕು ಅಂತ ಒಂದು ಅಂದಾಜು ಸಿಗುತ್ತದೆ. ನಮ್ಮ ಪಕ್ಕದ ಸರ್ಕಾರಿ ಶಾಲೆಯ ಮೇಷ್ಟ್ರಿಗೆ ನಾನೇ ಹಳೆಯ ಕ್ಯಾಲೆಂಡರ್ ರಟ್ಟಿನಿಂದ ಒಂದು ಮಾಡಿಕೊಟ್ಟಿದ್ದೇನೆ. ಮೊದಲ ದಿನವೇ ಅವರು ತಮ್ಮದೇ ಕಣ್ಣು ನೋಡಿಕೊಂಡು, ಸಂಜೆ ಚಾಳೀಸು ಮಾಡಿಸಲು ಬಂದರು.

ಯಜಮಾನರ ಜರಡಿ ಕನ್ನಡಕವನ್ನು ಅವರ ಒಪ್ಪಿಗೆ ತೆಗೆದುಕೊಂಡು ಡಬ್ಬಿ ಸಮೇತ ಸ್ಪೀಡ್ ಪೋಸ್ಟಿನಲ್ಲಿ ನಿಮಗೆ ಕಳಿಸುತ್ತಿದ್ದೇನೆ. ಡಬ್ಬಿಯ ಹಿಂಬದಿ ಓದಲು ಭೂತಗನ್ನಡಿ ಬೇಕಾಗಬಹುದು, ಅಕ್ಷರ ಅಷ್ಟು ಸಣ್ಣ. ಬಲಗಡೆ ಹಾಳೆಯಲ್ಲಿ ಮೇಲಿನಿಂದ ಮೂರನೇ ಸಾಲಿನ ಕೊನೆಯ ತೂತು ಪೂರ್ತಿ ಕೊರೆದಿಲ್ಲ, ಅದು ಬಂದಾಗಲೇ ಹಾಗಿತ್ತಂತೆ. ಎಡಗಡೆಯ ಕಡ್ಡಿಯ ಸ್ಕ್ರೂ ಮಾತ್ರ ಗಟ್ಟಿಯಾಗಿದೆ, ಅದು ನನ್ನ ಕೆಲಸ.

ಇಂತಿ,
ತಿಪಟೂರಿನ ಒಬ್ಬ ಕನ್ನಡಕದ ಅಂಗಡಿಯವನು